ಅಂತೆ

"ಕೇಳಿಸ್ತಾ? ಹೊಟ್ಟೆಗೆ ತೂತು ಮಾಡಿ ಟ್ಯೂಬ್ ಹಾಕ್ಬೇಕಂತೆ," ಎಂದರು ಅಪ್ಪ, ಮಂಚದ ಮೇಲೆ ಮಲಗಿದ್ದ ಅಮ್ಮನಿಗೆ.

ಆ ಮಾತು ಅಮ್ಮನಿಗಲ್ಲ, ತನಗೆ ಎಂಬುದು ಮಗಳಿಗೆ ಗೊತ್ತಿತ್ತು. ಡಾಕ್ಟರು ಇಬ್ಬರ ಎದುರಿಗೇ ಎಲ್ಲವನ್ನೂ ಬಿಡಿಸಿ ಹೇಳಿ ಆಗತಾನೆ ಮುಂದಿನ ಹಾಸಿಗೆಗೆ ಹೋಗಿದ್ದರು. ಈಗ ಆಹಾರ ಹೋಗುತ್ತಿರುವ ಮೂಗಿನ ಟ್ಯೂಬನ್ನು ಬಹಳ ದಿನ ಇಡುವಂತಿಲ್ಲ. ಹೊಟ್ಟೆಗೇ ಟ್ಯೂಬ್ ಹಾಕಿಸಿದರೆ ಹೀಗೆಯೇ ಮಲಗಿದ್ದು ವರ್ಷಗಟ್ಟಲೆ ಇದ್ದರೂ ಇರಬಹುದು. ಅದು ಬೇಡವೆಂದರೆ ಮನೆಗೆ ಕರೆದುಕೊಂಡು ಹೋಗಿ ಚಮಚದಲ್ಲಿ ಹೋದಷ್ಟು ಕೊಡಬಹುದು. ಕೊಟ್ಟದ್ದು ಶ್ವಾಸನಾಳಕ್ಕೆ ಹೋಗುವ ಅಪಾಯ ಇದ್ದೇ ಇದೆ, ಹೆಚ್ಚು ದಿನ ಉಳಿಯಲಿಕ್ಕಿಲ್ಲ. "ನೀವು ಅಪ್ಪ-ಮಗಳು ಕೂತು ಮಾತಾಡ್ಕೊಳ್ಳಿ. ಸಂಜೆ ರೌಂಡ್ಸಿಗೆ ಬಂದಾಗ ಹೇಳಿದ್ರಾಯ್ತು," ಎಂದಿದ್ದರು. ಆಗ ಅಪ್ಪ ಕಿಟಕಿಯ ಕಡೆ ನೋಡಿದ್ದರು. ಮಗಳು ಗ್ಲೂಕೋಸ್ ಬಾಟಲಿಯ ಕಡೆ.

"ಅಮ್ಮಾ, ಅದು ಆಪರೇಷನ್ನು. ನೋವಾಗುತ್ತೆ. ಅದನ್ನೂ ಯೋಚನೆ ಮಾಡ್ಬೇಕಲ್ವಾ," ಎಂದಳು ಅವಳು, ಹೊದಿಕೆ ಸರಿಮಾಡುತ್ತ.

"ಯೋಚನೆ ಮಾಡದೆ ಡಾಕ್ಟರು ಹೇಳ್ತಾರಾ ಅಂತ ಕೇಳೇ."

"ಡಾಕ್ಟರು ಎರಡೂ ಹೇಳಿದ್ರು. ಕಿವಿ ಇದ್ದೋರಿಗೆ ಎರಡೂ ಕೇಳಿಸ್ತು."

ಬಕೆಟ್ಟು, ಟವೆಲ್ಲು ಹಿಡಿದು ಬಂದಿದ್ದ ನರ್ಸ್ ಇಬ್ಬರನ್ನೂ ಒಮ್ಮೆ ನೋಡಿದಳು. "ಇದೇನಿದು, ಮಾತಾಡೋಕೆ ಬಾರದೋರನ್ನ ಮಧ್ಯ ಇಟ್ಕೊಂಡು ವಾದ ಮಾಡ್ತಿದೀರ? ಹೊರಗೆ ಹೋಗಿ ಒಬ್ಬರ ಮುಖ ಒಬ್ಬರು ನೋಡ್ಕೊಂಡು ಮಾಡಿ. ನಾನು ಇವರ ಮೈ ಒರೆಸ್ಬೇಕು," ಎಂದು ಹಸಿರು ಪರದೆ ಎಳೆದುಬಿಟ್ಟಳು.

ಏಳೆಂಟು ವರ್ಷದಿಂದ ಅಪ್ಪನೂ ಮಗಳೂ ಒಂದು ಮಾತನ್ನೂ ನೇರವಾಗಿ ಆಡಿರಲಿಲ್ಲ. ಗಂಡನ ಮನೆಯಲ್ಲಿ ಬಾಳಲಾಗದೆ ಅವಳು ತವರಿಗೆ ವಾಪಸ್ಸು ಬಂದ ಹೊಸತರಲ್ಲಿ ಶುರುವಾದದ್ದು ಅದು. ಅಪ್ಪನೂ ಬಸ್ ಕಂಡಕ್ಟರ್ ಕೆಲಸದಿಂದ ಆಗಷ್ಟೇ ನಿವೃತ್ತರಾಗಿ ಮನೆಯಲ್ಲಿ ಕೂತಿದ್ದರು. ಡಿಪೋದಲ್ಲಿ ಅವರನ್ನು 'ರೈಟು' ಎಂದೇ ಕರೆಯುತ್ತಿದ್ದುದು, ಅಂಥ ಗಂಟಲು. ಒಂದು ಭಾನುವಾರ ಊಟದ ಹೊತ್ತಿನಲ್ಲಿ ಅಮ್ಮ ಸೊಂಟ ಹಿಡಿದುಕೊಂಡು ಬಡಿಸುವುದನ್ನು ನೋಡಲಾರದೆ ಅವಳು, "ಊರೋರನ್ನೆಲ್ಲ ಅವರವರ ಜಾಗಕ್ಕೆ ಮುಟ್ಟಿಸಿದ್ರಿ. ಅಮ್ಮನ್ನ ಒಂದು ದಿನ ಎಲ್ಲಿಗಾದ್ರೂ ಕರ್ಕೊಂಡು ಹೋಗಿದೀರಾ?" ಎಂದುಬಿಟ್ಟಳು. ಅಪ್ಪ ತುತ್ತನ್ನು ತಟ್ಟೆಗೆ ಬಿಟ್ಟರು. "ಗಂಡನ ಜೊತೆ ಎರಡು ವರ್ಷ ಬಾಳೋಕಾಗದೋಳು ನನಗೆ ಸಂಸಾರ ಹೇಳಿಕೊಡ್ತಾಳೆ," ಎಂದರು. ಅಲ್ಲಿಗೆ ಮುಗಿಯಿತು.

ಮಾತು ಮುಗಿದರೂ ಮನೆ ನಡೆಯಬೇಕಲ್ಲ. ಗ್ಯಾಸ್ ಮುಗಿದಿದೆ, ನಲ್ಲಿ ಸೋರುತ್ತಿದೆ, ನಾಳೆ ಬರುವುದು ತಡ ಎಂಬುದನ್ನೆಲ್ಲ ಯಾರಾದರೂ ಯಾರಿಗಾದರೂ ಹೇಳಲೇಬೇಕು. ಅಮ್ಮ ನಡುವೆ ನಿಂತಳು. ಮೂವರೂ ಒಂದೇ ಕೋಣೆಯಲ್ಲಿ ಕೂತಿದ್ದರೂ ಅಪ್ಪನ ಮಾತು ಅಮ್ಮನ ಬಾಯಿಯನ್ನು ಸುತ್ತಿಕೊಂಡು, ಬಾಲಕ್ಕೊಂದು 'ಅಂತೆ' ಸೇರಿಸಿಕೊಂಡು ಮಗಳಿಗೆ ಬರುತ್ತಿತ್ತು. "ಕನ್ನಡಕ ಎಲ್ಲೋ ಇಟ್ಟುಬಿಟ್ಟಿದಾರಂತೆ, ನೋಡೇ." "ಅವಳಿಗೆ ತಲೆನೋವಂತೆ ಕಣ್ರೀ, ಟಿವಿ ಸ್ವಲ್ಪ ಕಮ್ಮಿ ಮಾಡ್ಬೇಕಂತೆ." ಎದುರುಮನೆಯಾಕೆ ಒಮ್ಮೆ, "ಏನ್ರೀ, ನಿಮ್ಮನೆ ಟಪಾಲು ಇಲಾಖೆಗೆ ನೀವೊಬ್ಬರೇನಾ?" ಎಂದು ನಕ್ಕಿದ್ದರು. "ಒಬ್ಬಳೇ. ಸಂಬಳಾನೂ ಇಲ್ಲ, ರಜಾನೂ ಇಲ್ಲ," ಎಂದಿದ್ದಳು ಅಮ್ಮ.

ಈಗ ಲಕ್ವ ಹೊಡೆದು ಅಮ್ಮನ ಬಲಗೈ, ಬಲಗಾಲು, ಮಾತು, ನುಂಗುವ ಶಕ್ತಿ ಎಲ್ಲವೂ ಒಂದೇ ಬೆಳಿಗ್ಗೆ ಹೋಗಿದ್ದವು. ಮಗಳು ಕಟ್ಟುಹಲ್ಲು ಮಾಡುವ ಲ್ಯಾಬೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಅಮ್ಮನ ಮೇಲಿನ ಹಲ್ಲಿನ ಸಾಲು ಅವಳ ಕೈಯಲ್ಲೇ ಆದದ್ದು. ಅದನ್ನು ತೆಗೆದು ಡಬ್ಬಿಯಲ್ಲಿಟ್ಟ ಮೇಲೆ ಅಮ್ಮನ ಬಾಯಿ ಒಳಕ್ಕೆ ಎಳೆದುಕೊಂಡು, ಯಾರದೋ ಮುಖದಂತೆ ಕಾಣುತ್ತಿತ್ತು.

ಮೆಟ್ಟಿಲ ತಿರುವಿನಲ್ಲಿ ಕಬ್ಬಿಣದ ಬೆಂಚೊಂದಿತ್ತು. ಅಪ್ಪ ಅದರ ಒಂದು ತುದಿಯಲ್ಲಿ ಕುಳಿತರು. ಅವಳು ಫ್ಲಾಸ್ಕು, ಟವೆಲ್ಲು ತುಂಬಿದ ಚೀಲವನ್ನು ನಡುವೆ ಇಟ್ಟು ಇನ್ನೊಂದು ತುದಿಯಲ್ಲಿ ಕುಳಿತಳು. ಕೆಳಗಿನಿಂದ ಫಿನಾಯಿಲಿನ ವಾಸನೆ ಏರಿ ಬರುತ್ತಿತ್ತು.

"ಟೀ ಬೇಕಾದೋರು ಕುಡಿಬಹುದು. ಕೆಳಗೆ ಸಿಗುತ್ತೆ," ಎಂದರು ಅಪ್ಪ, ಗೋಡೆಗೆ.

"ಬೇಡ," ಎಂದಳು ಅವಳು.

ಹೇಳಿದ ಮೇಲೆ, ಇದು ತಾನು ನೇರವಾಗಿ ಕೊಟ್ಟ ಉತ್ತರ ಎಂಬುದು ಹೊಳೆಯಿತು. ಅಪ್ಪನಿಗೂ ಹೊಳೆದಿರಬೇಕು. ಸ್ವಲ್ಪ ಹೊತ್ತು ಅವರು ಚಪ್ಪಲಿಯೊಳಗೆ ಹೆಬ್ಬೆರಳನ್ನು ಮೇಲೆ ಕೆಳಗೆ ಆಡಿಸುತ್ತಿದ್ದರು.

"ಅವಳನ್ನ ಹಾಗೆ ಬಿಡೋಕಾಗಲ್ಲ," ಎಂದರು ಕೊನೆಗೆ. "ಅವಳೇ ಹೇಳಿದಾಳೆ ನನಗೆ. ನನ್ನ ಷಡ್ಡಕ ಮಲಗಿಬಿಟ್ಟಿದ್ನಲ್ಲ, ಅವನನ್ನ ನೋಡ್ಕೊಂಡು ಬರ್ತಾ ಬಸ್ಸಲ್ಲಿ. 'ನಾನು ಹಿಂಗೆ ಬಿದ್ರೆ ಕೈ ಬಿಡ್ಬೇಡಿ ಕಣ್ರೀ, ಏನು ಮಾಡಿಯಾದ್ರೂ ಉಳಿಸ್ಕೊಳ್ಳಿ, ನಿಮ್ಮ ಕಣ್ಮುಂದೆ ಇರ್ತೀನಿ' ಅಂದ್ಲು."

"ಅವತ್ತೇನಾ?"

"ಅವತ್ತೇ."

ಆ ದಿನ ಅವಳಿಗೂ ನೆನಪಿತ್ತು. ಸಂಜೆ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತ ಅಮ್ಮ ಹೇಳಿದ್ದಳು. ಮಗಳು ಈಗ ಹೇಗೋ ಧೈರ್ಯ ಮಾಡಿದಳು. "ನನ್ನ ಹತ್ರ ಬೇರೆ ಹೇಳಿದ್ಲು. 'ನನಗೆ ಪೈಪು ಗೀಪು ಏನೂ ಹಾಕಿಸ್ಬೇಡ ಕಣೆ. ಬೇಗ ಕಳಿಸಿಬಿಡಿ. ನಿನ್ನ ಕೈಲಿ ಎಲ್ಲ ಮಾಡಿಸ್ಕೊಂಡು ಬಿದ್ದಿರೋಕೆ ನನ್ನಿಂದಾಗಲ್ಲ' ಅಂತ."

"ಅವಳು ಹಾಗನ್ನೋಳಲ್ಲ."

"ನಾನು ಸುಳ್ಳು ಹೇಳ್ತಿದೀನಾ ಹಾಗಾದ್ರೆ?"

"ನೀನು ಸುಳ್ಳು ಹೇಳ್ತೀಯ ಅಂದ್ನಾ?" ಅಪ್ಪ ತಿರುಗಿ ಅವಳ ಮುಖ ನೋಡಿದರು. ಬಿಳಿ ಗಡ್ಡ ಎರಡು ದಿನದ್ದಿತ್ತು. "ಆ ಗುಮಾನಿ ಎಲ್ಲ ನನಗಿಲ್ಲ. ನೀನು ತಪ್ಪಾಯ್ತು ಅಂದ್ಮೇಲೆ ನಾನು ಏನನ್ನೂ ಮನಸ್ಸಲ್ಲಿ ಇಟ್ಕೊಂಡಿಲ್ಲ."

"ನಾನಾ? ಯಾವಾಗ?"

"ಜಗಳ ಆದ ವಾರಕ್ಕೇ. 'ಅಪ್ಪನ ಮನಸ್ಸು ನೋಯಿಸಿಬಿಟ್ಟೆ, ಎದುರಿಗೆ ಹೇಳೋಕೆ ಮುಖ ಇಲ್ಲ' ಅಂತ ಅತ್ತುಬಿಟ್ಟೆಯಂತೆ. ನಿಮ್ಮಮ್ಮನೇ ಬಂದು ಹೇಳಿದ್ಲಲ್ಲ. ನಾನೂ ಸರಿ, ಹೋಗ್ಲಿ ಬಿಡು ಅಂದೆ."

ಅವಳು ಅತ್ತಿರಲಿಲ್ಲ. ಆ ವಾರ ನಡೆದದ್ದೇ ಬೇರೆ. ಒಣಗಿದ ಬಟ್ಟೆ ಮಡಿಸುತ್ತ ಅಮ್ಮ ಅವಳ ಪಕ್ಕದಲ್ಲಿ ಕೂತು ಮೆಲ್ಲಗೆ, ಅಪ್ಪ ನಿದ್ದೆಯನ್ನೇ ಮಾಡಿಲ್ಲ, ಕಣ್ಣಲ್ಲಿ ನೀರು ಹಾಕಿಕೊಂಡರು, ಬಾಯಿ ಜಾರಿತು, ಮಗಳಿಗೆ ಹಾಗನ್ನಬಾರದಿತ್ತು ಅಂದರು, ಗಂಡಸು, ನಿನ್ನ ಮುಂದೆ ಬಂದು ಹೇಗೆ ಹೇಳ್ತಾರೆ ಹೇಳು, ಎಂದಿದ್ದಳು. ಅವಳು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದ್ದಳು. ಅಪ್ಪನ ಬಿಪಿ ಮಾತ್ರೆ ತರುವಾಗಲೆಲ್ಲ, ಪಾಪ, ಒಂದು ಸಲ ತಪ್ಪೊಪ್ಪಿಕೊಂಡವರಲ್ಲವೇ ಎಂದು ಒಳಗೊಳಗೇ ಹಗುರಾಗಿದ್ದಳು.

"ಅತ್ತಿದ್ದು ನೀವಂತೆ," ಎಂದಳು.

"ಯಾರು, ನಾನಾ?" ಅಪ್ಪನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ನಮ್ಮಪ್ಪ ಸತ್ತಾಗ ಅತ್ತಿದ್ದೇ ಕೊನೆ."

"ಬಾಯಿ ಜಾರಿತು ಅಂದ್ರಂತೆ."

ಅಪ್ಪನ ಮೂಗಿನಿಂದ ಸಣ್ಣ ನಗೆಯೊಂದು ಹೊರಟಿತು. "ಒಂದೇ ಸೀಟಿಗೆ ಇಬ್ಬರಿಗೂ ಟಿಕೆಟ್ ಹರಿದುಕೊಟ್ಟಿದಾಳೆ, ಪುಣ್ಯಾತ್ಗಿತ್ತಿ."

ಅವಳಿಗೂ ನಗು ಬಂತು. ಮೇಲಿನ ಮಹಡಿಯಲ್ಲಿ ಯಾರೋ ತಳ್ಳುಗಾಡಿ ತಳ್ಳಿಕೊಂಡು ಹೋದರು.

"ಹಾಗಾದ್ರೆ ನೀನು ತಪ್ಪಾಯ್ತು ಅನ್ನಲಿಲ್ಲ."

ಹೌದು, ಅಂದಿದ್ದೆ ಎಂದುಬಿಟ್ಟರೆ ಏನು ಹೋಗುತ್ತದೆ ಎಂದು ಅವಳು ಯೋಚಿಸಿದಳು. ಮುದುಕರು ಅದನ್ನೇ ನಂಬಿಕೊಂಡು ಇಷ್ಟು ವರ್ಷ ಇದ್ದಾರೆ. ಆದರೆ ಅಷ್ಟು ಚೆನ್ನಾಗಿ ಹೇಳಲು ಅವಳಿಗೆ ಅಮ್ಮನ ನಾಲಿಗೆ ಇರಲಿಲ್ಲ. "ಇಲ್ಲ," ಎಂದಳು. "ನೀವು?"

"ಅಂದ್ಕೊಂಡಿದ್ದೆ. ಅನ್ನಲಿಲ್ಲ."

ಆಮೇಲೆ ಅಪ್ಪ, ಮಳೆ ಬರುತ್ತೋ ಏನೋ ಎನ್ನುವಷ್ಟು ಸಲೀಸಾಗಿ, "ಅವಳು ಯಾವಾಗ್ಲೂ ಅಷ್ಟೇ. ಯಾರಿಗೆ ಏನು ಕೇಳಿದ್ರೆ ಸಮಾಧಾನವೋ ಅದನ್ನೇ ಅವರಿಗೆ ಹೇಳೋಳು," ಎಂದರು.

ಮಗಳು ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಂಡಳು. ಉಳಿಸಿಕೊಳ್ಳಿ ಎಂಬುದು ಅಪ್ಪನಿಗೆ ಸಮಾಧಾನದ ಮಾತು, ಸರಿ. ಬೇಗ ಕಳಿಸಿಬಿಡಿ ಎಂದು ಅಮ್ಮ ತನಗೇಕೆ ಹೇಳಿದಳು? ಆ ಸಂಜೆ ಅವಳು ಇಡೀ ದಿನ ಬಗ್ಗಿ ಮೇಣದಲ್ಲಿ ಹಲ್ಲು ಕೂರಿಸಿ ಬಂದಿದ್ದಳು, ಕತ್ತು ಸಿಡಿಯುತ್ತಿತ್ತು. ಮಲಗಿರುವ ಚಿಕ್ಕಪ್ಪನ ಸುದ್ದಿ ಕೇಳಿ, ಚಿಕ್ಕಮ್ಮನ ಪಾಡು ಯಾರಿಗೂ ಬೇಡ ಎಂದೋ ಏನೋ ಅಂದಿದ್ದಳು. ಅಂದಿದ್ದಳೇ? ಅಥವಾ ಬರೀ ಮುಖದಲ್ಲಿತ್ತೇ? ಅಮ್ಮ ಅದನ್ನು ನೋಡಿಯೇ ಆ ಮಾತು ಕಟ್ಟಿಕೊಟ್ಟಳೇ?

"ಬನ್ನಿ, ಅವಳನ್ನೇ ಕೇಳೋಣ," ಎಂದು ಚೀಲ ಎತ್ತಿಕೊಂಡಳು.

ನರ್ಸ್ ಪರದೆ ಸರಿಸಿ ಬಕೆಟ್ಟು ಎತ್ತುತ್ತಿದ್ದಳು. "ಕೇಳಿ, ಕೇಳಿ. ತಲೆ ಚೆನ್ನಾಗಿದೆ ಅವರಿಗೆ. ಹೌದು ಅಂದ್ರೆ ಎಡಗೈ ಒತ್ತುತಾರೆ, ಇಲ್ಲ ಅಂದ್ರೆ ಸುಮ್ನಿರ್ತಾರೆ. ಬೆಳಿಗ್ಗೆ ನೋವಿದೆಯಾ ಅಂದೆ, ಸುಮ್ನಿದ್ರು. ಚಳಿನಾ ಅಂದೆ, ಒತ್ತಿದ್ರು," ಎಂದು ಹೋದಳು.

ಅಪ್ಪ ಎಡಗಡೆ ಕುಳಿತು ಆ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದರು. ಹೇಗೆ ಹಿಡಿಯಬೇಕೆಂದು ತಿಳಿಯದವರ ಹಾಗೆ, ಹಕ್ಕಿಮರಿಯನ್ನು ಹಿಡಿದಂತೆ ಹಿಡಿದಿದ್ದರು. "ಟ್ಯೂಬ್ ಹಾಕ್ಸೋಣ್ವೇನೇ?" ಅಮ್ಮನ ಬೆರಳುಗಳು ಮಡಿಚಿಕೊಂಡು ಒತ್ತಿದವು. ಅಪ್ಪ ಮಗಳ ಕಡೆ ನೋಡಿದರು. ಅವರ ಮುಖದಲ್ಲಿ ಗೆಲುವಿರಲಿಲ್ಲ, ನೆಮ್ಮದಿ ಇತ್ತು.

ಈಗ ಮಗಳು ಅಪ್ಪನ ಪಕ್ಕ ಕೂತು ಆ ಕೈ ಹಿಡಿದಳು. ಕೈ ಬೆಚ್ಚಗಿತ್ತು, ಸೋಪಿನ ವಾಸನೆ ಬರುತ್ತಿತ್ತು. ಕೇಳುವ ಮೊದಲೇ ಅವಳಿಗೆ ಉತ್ತರದ ಭಯವಾಯಿತು. "ಅಮ್ಮಾ, ಏನೂ ಹಾಕ್ಸೋದು ಬೇಡ, ಮನೆಗೆ ಹೋಗಿಬಿಡೋಣ್ವಾ?"

ಬೆರಳುಗಳು ಒತ್ತಿದವು. ಹೆಬ್ಬೆರಳು ಅವಳ ಮಣಿಕಟ್ಟನ್ನು ಸವರಿತು ಕೂಡ.

"ಅದಕ್ಕೂ ಹೌದಾ?" ಎಂದರು ಅಪ್ಪ, ಬಗ್ಗಿ ನೋಡುತ್ತ.

"ಹೂಂ."

"ಇನ್ನೊಂದ್ಸಲ ಕೇಳು."

ಅವಳು ಅದನ್ನು ಮತ್ತೆ ಕೇಳಲಿಲ್ಲ. ತಲೆದಿಂಬಿನ ಹತ್ತಿರ ಬಾಗಿ, "ನಮ್ಮಿಬ್ಬರನ್ನೂ ಬಿಟ್ಟಾಕು ಅಮ್ಮಾ. ನಿನಗೇನು ಬೇಕು?" ಎಂದಳು. ಕೈ ಒತ್ತಿ ಉತ್ತರಿಸಬಹುದಾದ ಪ್ರಶ್ನೆ ಇದಲ್ಲ ಎಂದು ಹೊಳೆಯುವಷ್ಟರಲ್ಲಿ ಕೈ ಸಡಿಲಾಗಿ ಅವಳ ಅಂಗೈಯಲ್ಲಿ ತೆರೆದುಕೊಂಡಿತು. ಅವಳು ಕಾದಳು. ಅದು ಹಾಗೆಯೇ ಇತ್ತು.

ಅಪ್ಪ ಎದ್ದು ಮಂಚದ ಕಾಲ್ದೆಸೆಗೆ ಹೋಗಿ ಕಂಬಿ ಹಿಡಿದು ನಿಂತರು. ಓಡುವ ಬಸ್ಸಿನಲ್ಲಿ ನಿಂತು ನಿಂತು ಅಭ್ಯಾಸವಾಗಿ, ಎಲ್ಲಿ ನಿಂತರೂ ಅವರಿಗೆ ಹಿಡಿಯಲು ಒಂದು ಕಂಬಿ ಬೇಕಾಗುತ್ತಿತ್ತು. "ಹಾಕ್ಸೋಣ," ಎಂದರು. "ಅವಳು ಹೇಳಿದ್ಲು ಅಂತಲ್ಲ. ಆ ಮನೇಲಿ ಅವಳಿಲ್ದೆ ನನಗಾಗಲ್ಲ. ನನಗೆ ಬೇಕು, ಅಷ್ಟೇ." ತುಂಬಿದ ಬಸ್ಸಿನ ಕೊನೆಯ ಸೀಟಿಗೆ ಮುಟ್ಟುತ್ತಿದ್ದ ಆ ಗಂಟಲು ಮಂಚದ ಈ ತುದಿಗೆ ಬರುವುದೇ ಕಷ್ಟವಾಯಿತು. "ನೀನೇನಂತೀಯ?"

ಒರೆಸುವುದು, ಮಗ್ಗುಲು ತಿರುಗಿಸುವುದು, ಟ್ಯೂಬಿಗೆ ಹೊತ್ತುಹೊತ್ತಿಗೆ ಹಾಕುವುದು ಯಾರ ಪಾಲಿಗೆ ಬರುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಮಲಗಿದ್ದವಳಿಗೂ ಗೊತ್ತಿದ್ದಿರಬೇಕು. ಅಮ್ಮ ಕೇಳಿಸಿಕೊಳ್ಳುತ್ತಾಳೆ ಎಂದು ಅವಳು ಒಂದು ಕ್ಷಣ ತಡೆದಳು. ತಡೆದದ್ದೂ ಅಮ್ಮನಿಗೆ ತಿಳಿದೇ ತಿಳಿಯುತ್ತದೆ ಅನ್ನಿಸಿತು.

"ನನಗೆ ಭಯ ಆಗುತ್ತೆ ಅಪ್ಪ," ಎಂದಳು. "ಎಷ್ಟು ವರ್ಷವೋ ಏನೋ. ಮಾಡಲ್ಲ ಅಂತಲ್ಲ. ಮಾಡ್ತಾ ಮಾಡ್ತಾ ಒಂದು ದಿನ ನನಗೆ ಸಾಕಾಗಿಬಿಟ್ರೆ? ಅದು ಇವಳಿಗೆ ಗೊತ್ತಾದ್ರೆ?"

ಸಮಾಧಾನದ ಮಾತು ಅಪ್ಪನಿಗೆ ರೂಢಿ ಇರಲಿಲ್ಲ. "ನನಗೂ ಭಯಾನೇ," ಎಂದರು.

ಸಂಜೆಯ ರೌಂಡ್ಸಿಗೆ ಡಾಕ್ಟರು ಬಂದು ಕಾಲ್ದೆಸೆಯಲ್ಲಿ ನಿಂತರು. ಅಪ್ಪ ಮಗಳ ಕಡೆ ನೋಡಿದರು, ಅವಳೇ ಹೇಳಲಿ ಎಂಬಂತೆ.

"ಹಾಕಿ ಡಾಕ್ಟ್ರೇ," ಎಂದಳು ಅವಳು.

ಡಾಕ್ಟರು ತಲೆಯಾಡಿಸಿ, ನಾಳೆ ಬೆಳಿಗ್ಗೆಯಿಂದ ಏನೂ ಕೊಡಬೇಡಿ ಎಂದು ನರ್ಸಿಗೆ ಹೇಳಿ ಮುಂದಕ್ಕೆ ಹೋದರು. ಅಪ್ಪ ಕಂಬಿ ಬಿಡಲಿಲ್ಲ. ಮಗಳು ಕೈ ಬಿಡಲಿಲ್ಲ. ದಿಂಬಿನ ಮೇಲೆ ಅಮ್ಮನ ಕಣ್ಣು ಅಪ್ಪನಿಂದ ಮಗಳಿಗೆ, ಮಗಳಿಂದ ಅಪ್ಪನಿಗೆ ಹೊರಳುತ್ತಿತ್ತು. ಬಾಯಿಯ ಎಡತುದಿ ಒಮ್ಮೆ ಅಲುಗಿತು, ನಿಂತಿತು, ಮತ್ತೆ ಅಲುಗಿತು.