ಬಿಚ್ಚಿದ ಬಂಡಿಗೆ ಕಲ್ಲು

ನಂಜನಗೂಡಿನ ಸಾಹುಕಾರ ಸಿದ್ದಮಲ್ಲಪ್ಪನವರು ಮೋಟಾರು ಕೊಂಡ ವರ್ಷ ದೊಡ್ಡಸಿದ್ದಯ್ಯನ ಮನೆಯಲ್ಲಿ ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಬಿದ್ದಂತಾಯಿತು. ಮೀಸೆ ಮೂಡಿದಾಗಿನಿಂದ ಆ ಸಾಹುಕಾರರ ಬಂಡಿ ಹೊಡೆದವನು ಅವನು. ಸಾಹುಕಾರರು ಅವನು ಹೂಡುತ್ತಿದ್ದ ಎತ್ತುಗಳನ್ನು ನರಸೀಪುರದ ಸಂತೆಗೆ ಅಟ್ಟಿ ಮಾರಿಸಿದರು. ಅವನ ಅಳಿಯ ನಿಂಗರಾಜುವನ್ನು ಮೈಸೂರಿಗೆ ಕಳಿಸಿ ಮೋಟಾರು ಓಡಿಸುವುದನ್ನು ಕಲಿಸಿದರು. ಮಾವನ ಅನ್ನ ಕಿತ್ತು ಅಳಿಯನ ಎಲೆಗೆ ಬಡಿಸಿದರು ಎಂದು ಪೇಟೆಯವರು ನಕ್ಕರು. ಎಲೆ ಯಾರದಾದರೇನು, ಉಣ್ಣುವುದು ಒಂದೇ ಮನೆಯಲ್ಲಿ ಎಂದು ದೊಡ್ಡಸಿದ್ದಯ್ಯ ಸುಮ್ಮನಿದ್ದಿದ್ದರೆ ಮುಗಿಯುತ್ತಿತ್ತು.

ಆ ಮನುಷ್ಯ ಸುಮ್ಮನಿರುವ ಪೈಕಿಯಲ್ಲ. ಪೇಟೆ ಬೀದಿಯಲ್ಲಿ, ಕಪಿಲೆಯ ಮೆಟ್ಟಿಲ ಮೇಲೆ, ಎಲ್ಲಿ ನಾಲ್ಕು ಜನ ಸಿಕ್ಕರೂ ಅದೇ ರಾಗ ತೆಗೆಯುತ್ತಿದ್ದ. “ಈ ಕಬ್ಬುಣದ್ ಕೋಣ ಒಂದಿನ ಯಾರ್ನಾದ್ರೂ ಮುರ್ದಾಕ್ತದೆ, ನೋಡ್ತಿರಿ.” ಹೊಟ್ಟೆಯ ಉರಿಗೆ ಆಡಿದ್ದು. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕೇಳಿದವರು ನಕ್ಕು ಮನೆಗೆ ಹೋದರೂ ಮಾತನ್ನು ಮಾತ್ರ ಜೋಪಾನವಾಗಿ ಇಟ್ಟುಕೊಂಡಿದ್ದರು.

ಅಳಿಯನ ಮೇಲೆ ಅವನಿಗೆ ದ್ವೇಷವೇನೂ ಇರಲಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೆಂಡತಿ ಪ್ಲೇಗಿನಲ್ಲಿ ಹೋದ ಮೇಲೆ ಮಗಳು ಚಿಕ್ಕಬಸಮ್ಮನನ್ನು ಬಂಡಿಯ ಹುಲ್ಲಿನಲ್ಲಿ ಮಲಗಿಸಿಕೊಂಡು ಹೆಮ್ಮಿಗೆ, ನರಸೀಪುರ ಎಂದು ಊರೂರು ಸುತ್ತಿದವನು ಅವನು. ಇನ್ನೊಂದು ಮದುವೆಯಾಗು ಎಂದವರ ಬಾಯಿ ಮುಚ್ಚಿಸಿ, ತಾನೇ ಅವಳ ತಲೆ ಬಾಚಿ, ತಾನೇ ಅವಳಿಗೆ ಮುದ್ದೆ ಮುರಿದು ಬೆಳೆಸಿದ. ಆ ಮಗಳಿಗಾಗಿಯೇ ಅನಾಥ ಹುಡುಗ ನಿಂಗರಾಜುವನ್ನು ಹುಡುಕಿ ಮನೆ ಅಳಿಯ ಮಾಡಿಕೊಂಡಿದ್ದ. ಸಾಹುಕಾರರ ಹಿತ್ತಿಲಲ್ಲಿ ಬಂಡಿಕೊಟ್ಟಿಗೆಗೆ ಅಂಟಿಕೊಂಡ ಎರಡಂಕಣದ ಮನೆಯಲ್ಲಿ ಮೂವರೂ ಇದ್ದರು. ಕೊಟ್ಟಿಗೆಯಲ್ಲಿ ಎತ್ತು ಕಟ್ಟುತ್ತಿದ್ದ ಜಾಗದಲ್ಲಿ ಈಗ ಮೋಟಾರು ನಿಲ್ಲುತ್ತಿತ್ತು.

ಜರ್ಮನಿಯವರ ಮೇಲೆ ಯುದ್ಧ ನಡೆಯುತ್ತಿದ್ದ ಕಾಲ. ಮದರಾಸಿನಿಂದ ಟೈರು ಬರುವುದು ನಿಂತುಹೋಗಿತ್ತು. ನರಸೀಪುರದ ರಸ್ತೆಯ ಜಲ್ಲಿ ತಿಂದು ತಿಂದು ಹಿಂದಿನ ಟೈರುಗಳು ಬೋಳಾಗಿದ್ದವು. ಮುಂದಿನವು ಇನ್ನೂ ಗಟ್ಟಿಯಾಗಿದ್ದವು. ಹಿಂದಿನ ಚಕ್ರಗಳನ್ನು ಮುಂದಕ್ಕೂ ಮುಂದಿನವನ್ನು ಹಿಂದಕ್ಕೂ ಹಾಕಿಬಿಟ್ಟರೆ ಇನ್ನೊಂದು ಮಳೆಗಾಲ ದೂಡಬಹುದು ಎಂದು ನಿಂಗರಾಜು ಲೆಕ್ಕ ಹಾಕಿದ. ಒಂದು ಬೆಳಗ್ಗೆ ಮೋಟಾರನ್ನು ಅಂಗಳಕ್ಕೆ ತಂದು ನಿಲ್ಲಿಸಿ, ಎಂಜಿನು ಆರಿಸಿ, ಮಾವನನ್ನು ಕೂಗಿದ.

ಆ ಅಂಗಳ ಹೊಳೆಯ ಕಡೆಗೆ ಕೊಂಚ ಇಳಿಜಾರು. ಕಣ್ಣಿಗೆ ಕಾಣುವಷ್ಟಲ್ಲ, ನೀರು ಚೆಲ್ಲಿದರೆ ಗೊತ್ತಾಗುವಷ್ಟು.

“ಮಾವ, ನಾನ್ ಜಾಕಿ ಕೊಟ್ಟು ಇಂದ್ಲ ಚಕ್ರ ಎರ್ಡೂ ಎತ್ತೀನಿ,” ಎಂದ ನಿಂಗರಾಜು. “ಅದ್ಕೂ ಮುಂಚೆ ನೀವು ಮುಂದ್ಲ ಚಕ್ರಕ್ಕೆ ಇಂದೂ ಮುಂದೂ ಕಲ್ ಕೊಡ್ಬೇಕು. ಬಿರಿ, ಅದೇ ಬ್ರೇಕು, ಇಡಿಯೋದು ಇಂದ್ಲ ಚಕ್ರಾನೆಯ. ಅದು ನೆಲ ಬುಟ್ಟು ಎದ್ಮೇಲೆ ಬಿರಿ ಇದ್ರೂ ಒಂದೇ, ಇಲ್ದಿದ್ರೂ ಒಂದೇ.”

“ಆಯ್ತು ಕಣಪ್ಪ,” ಎಂದ ದೊಡ್ಡಸಿದ್ದಯ್ಯ.

ಗೋಡೆಯ ಪಕ್ಕದಿಂದ ಎರಡು ಕಲ್ಲು ಉರುಳಿಸಿಕೊಂಡೂ ಬಂದ. ಚಕ್ರದ ಹತ್ತಿರ ಬಂದಾಗ ಅವನಿಗೆ ನಗು ಬಂತು. ಬಂಡಿಯವರಲ್ಲಿ ಒಂದು ಹಾಸ್ಯವುಂಟು. ಎತ್ತು ಹೂಡಿದ ಬಂಡಿ ಏರಿನಲ್ಲಿ ನಿಂತರೆ ಚಕ್ರಕ್ಕೆ ಕಲ್ಲು ಕೊಡುತ್ತಾರೆ. ಎತ್ತು ಬಿಚ್ಚಿ, ನೊಗ ನೆಲಕ್ಕೆ ಊರಿದ ಬಂಡಿ ಎಲ್ಲಿಗೂ ಹೋಗುವುದಿಲ್ಲ. ಅದಕ್ಕೂ ಕಲ್ಲು ಹುಡುಕುವವನನ್ನು ಸಂತೆಯಲ್ಲಿ “ಬಿಚ್ಚಿದ್ ಬಂಡಿಗ್ ಕಲ್ ಕೊಡೋನು” ಎಂದು ಗೇಲಿ ಮಾಡುತ್ತಾರೆ. ಕೈಲಾಗದ ಹೆದರುಪುಕ್ಕಲ ಎಂದು ಅದರ ಅರ್ಥ. ನೊಗ ಊರಿದ ಬಂಡಿಯ ಅಚ್ಚಿಗೆ ಊರುಗೋಲು ಕೊಟ್ಟು, ಚಕ್ರ ಎಳೆದು, ಕೀಲೆಣ್ಣೆ ಬಳಿದು ಮತ್ತೆ ಸೇರಿಸುವುದನ್ನು ದೊಡ್ಡಸಿದ್ದಯ್ಯ ಕಣ್ಣು ಮುಚ್ಚಿಕೊಂಡು ಮಾಡಿದ್ದ. ಒಂದು ದಿನವೂ ಕಲ್ಲು ಕೊಟ್ಟವನಲ್ಲ, ಒಂದು ದಿನವೂ ಬಂಡಿ ಅಲುಗಿದ್ದಿಲ್ಲ. ಎಂಜಿನು ಆರಿಸಿದ ಮೇಲೆ ಇದೂ ಬಿಚ್ಚಿದ ಬಂಡಿಯೇ ಎಂದುಕೊಂಡ. ನೆಲಕ್ಕೂರಲು ಇದಕ್ಕೆ ನೊಗವೇ ಇಲ್ಲವೆಂಬುದು ಅವನ ತಲೆಗೆ ಹೊಳೆಯಲಿಲ್ಲ. ಕಾಲಿಗೆ ಅಡ್ಡವಾಗುತ್ತದೆ ಎಂದು ಎರಡು ಕಲ್ಲನ್ನೂ ಕಾಲಿನಿಂದಲೇ ಆಚೆ ಸರಿಸಿದ.

“ಕೊಟ್ರಾ ಮಾವ?” ಎಂದು ನಿಂಗರಾಜು ಹಿಂದಿನಿಂದ ಕೇಳಿದ.

“ಊಂ, ನಿಂತದೆ ಕಣಪ್ಪ ಬಂಡಿ. ನೀ ಎತ್ತು.”

ನಿಂಗರಾಜು ಜಾಕಿ ತಿರುಗಿಸಿದ. ಎರಡೂ ಚಕ್ರ ನೆಲ ಬಿಟ್ಟು ಎದ್ದವು. ಚಕ್ರ ಬಿಚ್ಚಿ ಪಕ್ಕಕ್ಕೆ ಇಟ್ಟು, ಅಚ್ಚಿನ ಕೆಳಗೆ ಆನಿಕೆಯಾಗಿ ಮರದ ದಿಮ್ಮಿ ಕೊಡಲು ಕೈ ಒಳಗೆ ಹಾಕಿದ. ಆಗ ಮೋಟಾರು ಎಲ್ಲೋ ಹೊರಡುವ ಮನಸ್ಸು ಮಾಡಿದ ಹಾಗೆ ನಿಧಾನವಾಗಿ ಹೊಳೆಯ ಕಡೆಗೆ ಜರುಗಿತು. ಜಾಕಿ ವಾಲಿ ಬಿತ್ತು, ಅದರ ಹಿಂದೆಯೇ ಅಚ್ಚು ಬಿತ್ತು.

ನಿಂಗರಾಜು ಕೂಗಿಕೊಂಡದ್ದನ್ನು ಕೇಳಿ ಸಾಹುಕಾರರ ಅಡಿಗೆಮನೆಯಿಂದ ಚಿಕ್ಕಬಸಮ್ಮ ಓಡಿಬಂದಳು. ಅಷ್ಟರಲ್ಲಿ ದೊಡ್ಡಸಿದ್ದಯ್ಯ ಬಂಡಿಗೆ ನೊಗ ಕಟ್ಟುವ ಉದ್ದನೆಯ ಹಳೆಯ ಮೂಕಿಮರ ಎಳೆದು ತಂದು, ಅಚ್ಚಿನ ಕೆಳಗೆ ತುರುಕಿ, ಹೆಗಲು ಕೊಟ್ಟು ಮೀಟುತ್ತಿದ್ದ. ಆ ವಯಸ್ಸಿನಲ್ಲಿ ಅಷ್ಟು ಬಲ ಎಲ್ಲಿಂದ ಬಂತೋ, ಒಬ್ಬನೇ ಎತ್ತಿದ. ಅಕ್ಕಪಕ್ಕದವರು ಬಂದು ಕೈಗೆ ಸಿಕ್ಕ ಇಟ್ಟಿಗೆ ಚೂರು, ಕಲ್ಲು ಪೇರಿಸಿ ಅಚ್ಚನ್ನು ನಿಲ್ಲಿಸಿದರು. ಆಸ್ಪತ್ರೆಯಲ್ಲಿ ಡಾಕ್ಟರು ನಿಂಗರಾಜುವಿನ ಬಲಗೈಯ ಎರಡು ಬೆರಳು ತೆಗೆದರು.

ಊರು ಬಿಟ್ಟೀತೆ. ಪಕ್ಕದ ಮನೆಯ ಜವರಮ್ಮ, ಯಾರ ಮನೆಯಲ್ಲಿ ಒಲೆ ಉರಿದರೂ ತಾನು ಚಳಿ ಕಾಯಿಸಿಕೊಳ್ಳುವ ಹೆಂಗಸು, ಬಾವಿಕಟ್ಟೆಯ ಮೇಲೆ ಕೂತು ಶುರುಮಾಡಿದಳು. “ಕಲ್ಲು ಚಕ್ರದ್ ಪಕ್ಕದಲ್ಲೇ ಬಿದ್ದಿತ್ತಂತೆ ಕಣವ್ವ. ಕೊಟ್ಟಿವ್ನಿ ಅಂದ್ನಂತೆ. ಒಂದಿನ ಮುರ್ದಾಕ್ತದೆ ಮುರ್ದಾಕ್ತದೆ ಅಂತ ಅವ್ನೇ ತಾನೆ ಏಳ್ಕೊಂಡ್ ತಿರುಗ್ತಿದ್ದದ್ದು?”

ಸಂಜೆಗೆ ಆ ಮಾತು ಚಿಕ್ಕಬಸಮ್ಮನ ಕಿವಿಗೆ ಬಿತ್ತು. ಅವಳು ಅಪ್ಪನ ಎದುರು ಬಂದು ನಿಂತಳು. ದನಿ ಏರಿಸಲಿಲ್ಲ, ಅಳಲೂ ಇಲ್ಲ.

“ನಿನ್ ಎತ್ ಓದ್ವು ಅಂತ ನನ್ ಗಂಡನ್ ಕೈ ತಕ್ಕೊಂಡ್ಯಾ ಅಪ್ಪ?”

ದೊಡ್ಡಸಿದ್ದಯ್ಯ ಕೂತಲ್ಲಿಂದ ಎದ್ದ. “ಇಲ್ಲ ಕಣವ್ವ. ನಿಮ್ಮವ್ವನಾಣೆ ಇಲ್ಲ. ಬಂಡಿ ಅನ್ಕೊಂಡೆ.”

“ಕೊಟ್ಟಿವ್ನಿ ಅಂತ ಯಾಕಂದೆ?”

“ಕೊಟ್ಟಿವ್ನಿ ಅನ್ನಿಲ್ಲ. ನಿಂತದೆ ಅಂದೆ.”

ಹೇಳಿದ ಮೇಲೆ ಅವನಿಗೇ ಆ ಮಾತು ನಾಚಿಕೆಗೇಡು ಅನ್ನಿಸಿತು. ನಿಜವನ್ನೇ ಹೇಳಿದ್ದ; ಆದರೆ ಕಳ್ಳ ಸಾಕ್ಷಿ ಹೇಳಿದ ಹಾಗೆ ಕೇಳಿಸಿತು. ಮಗಳು ಒಳಗೆ ಹೋದಳು. ಅಂದಿನಿಂದ ಅವನ ಮುದ್ದೆಯ ತಣಿಗೆಯನ್ನು ಹೊಸ್ತಿಲ ಹೊರಗೆ ಜಗಲಿಯ ಮೇಲೆ ಇಟ್ಟು ಹೋಗತೊಡಗಿದಳು. ಮುದ್ದೆ ಬಿಸಿಯಾಗಿಯೇ ಇರುತ್ತಿತ್ತು, ಸಾರಿಗೆ ಉಪ್ಪು ಸರಿಯಾಗಿಯೇ ಇರುತ್ತಿತ್ತು, ಉಣ್ಣಪ್ಪ ಎನ್ನುವ ಒಂದು ಮಾತು ಮಾತ್ರ ಇರುತ್ತಿರಲಿಲ್ಲ. ಗಂಡನ ಮಂಚದ ಹತ್ತಿರಕ್ಕೆ ಅಪ್ಪ ಬಂದರೆ ಎದ್ದು ನಡುವೆ ನಿಲ್ಲುತ್ತಿದ್ದಳು.

ಊರು ಏನಾದರೂ ಅನ್ನಲಿ, ಊರ ಬಾಯಿ ಹೊಲಿಯಲು ಯಾರಿಂದಾದೀತು. ಆದರೆ ತನ್ನ ತೋಳಿನ ಮೇಲೆ ಮಲಗಿ ಬೆಳೆದ ಮಗಳು ತನ್ನನ್ನು ಕೊಲೆಗಡುಕನನ್ನು ನೋಡುವ ಹಾಗೆ ನೋಡುವುದನ್ನು ದೊಡ್ಡಸಿದ್ದಯ್ಯ ತಡೆದುಕೊಳ್ಳಲಾರದೆ ಹೋದ. ಮಗಳಾಗಿ ನನ್ನನ್ನು ಇಷ್ಟೇ ಬಲ್ಲಳೆ ಎಂದು ಸಂಕಟಪಟ್ಟ. ಆ ಸಂಕಟಕ್ಕೆ ಸಿಟ್ಟೂ ಸೇರಿಕೊಂಡಿತು. ನಾನಾಗಿದ್ದರೆ ಅವಳನ್ನು ಎಂದಾದರೂ ಹೀಗೆ ಶಂಕಿಸುತ್ತಿದ್ದೆನೆ ಎಂದು ಜಗಲಿಯ ಮೇಲೆ ಕೂತು ಗೋಡೆಗೆ ಹೇಳಿಕೊಂಡ.

ನಿಂಗರಾಜು ಒಬ್ಬನೇ ಬೇರೆ ಮಾತಾಡಿದವನು. “ಮಾವ ಬೇಕಂತ ಮಾಡಿಲ್ಲ ಕಣೆ,” ಎಂದು ಹೆಂಡತಿಗೆ ಹೇಳಿದ. “ನಾನೂ ಎದ್ದೋಗಿ ನೋಡ್ಬೇಕಾಗಿತ್ತು. ಕೇಳ್ದೆ, ನೋಡ್ನಿಲ್ಲ.” ಚಿಕ್ಕಬಸಮ್ಮ ಅವನ ಕೈಯ ಬಟ್ಟೆ ಬದಲಿಸುತ್ತಿದ್ದಳು. ಗಂಟು ಬಿಗಿದು ಎದ್ದುಹೋದಳು.

ಇತ್ತ ಸಾಹುಕಾರರ ತಾಳ್ಮೆ ಮುಗಿಯುತ್ತ ಬಂದಿತ್ತು. ನರಸೀಪುರದಲ್ಲಿ ಅವರ ಬೀಗರ ಮನೆಯ ಗೃಹಪ್ರವೇಶವಿತ್ತು. ಅಷ್ಟರೊಳಗೆ ಮೋಟಾರು ನಾಲ್ಕು ಚಕ್ರದ ಮೇಲೆ ನಿಲ್ಲದಿದ್ದರೆ ಮೈಸೂರಿನಿಂದ ಬೇರೆ ಡ್ರೈವರನ್ನು ಕರೆಸುವುದಾಗಿ ಹೇಳಿ ಕಳಿಸಿದರು. ಬೇರೆ ಡ್ರೈವರು ಬಂದರೆ ಎರಡಂಕಣದ ಮನೆಯೂ ಅವನದೇ ಆಗುತ್ತದೆ ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಕೆಲಸ ಕಷ್ಟದ್ದೇನಲ್ಲ, ಆದರೆ ಅಪಾಯದ್ದು. ಅಚ್ಚು ಇಟ್ಟಿಗೆ ಚೂರಿನ ರಾಶಿಯ ಮೇಲೆ ತಗ್ಗಿ ಕೂತಿತ್ತು. ಜಾಕಿಯನ್ನು ಅದರ ನಡುವಿಗೆ ಸೇರಿಸಬೇಕಾದರೆ ಒಬ್ಬರು ಹೊಟ್ಟೆಯ ಮೇಲೆ ತೆವಳಿ ಒಳಗೆ ಹೋಗಲೇಬೇಕು. ಜಾಕಿ ಏರಿದ ಮೇಲೆ ರಾಶಿಯನ್ನು ತೆಗೆದು ದಿಮ್ಮಿ ಕೊಡಬೇಕು. ಕೈಗೆ ಬಟ್ಟೆ ಸುತ್ತಿಕೊಂಡಿದ್ದ ನಿಂಗರಾಜು ಅದನ್ನು ಮಾಡುವ ಹಾಗಿರಲಿಲ್ಲ.

“ನಾನ್ ಓಯ್ತೀನಿ ಒಳಕ್ಕೆ,” ಎಂದ ದೊಡ್ಡಸಿದ್ದಯ್ಯ. “ನಿಂಗ್ರಾಜು ಎಡಗೈಲಿ ಜಾಕಿ ತಿರುಗ್ಸಲಿ.”

“ಕಲ್ ಯಾರ್ ಕೊಡ್ತಾರೆ?” ಎಂದು ನಿಂಗರಾಜು ಕೇಳಿದ.

ಬಾಗಿಲಲ್ಲಿ ನಿಂತಿದ್ದ ಚಿಕ್ಕಬಸಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಂಗಳಕ್ಕೆ ಇಳಿದಳು. “ನಾನ್ ಕೊಡ್ತೀನಿ.”

ದೊಡ್ಡಸಿದ್ದಯ್ಯ ಅವಳ ಮುಖ ನೋಡಿದ. ಅದರಲ್ಲಿ ಸಿಟ್ಟಿತ್ತೋ ಇಲ್ಲವೋ ಗೊತ್ತಾಗಲಿಲ್ಲ. ಯಾರು ಕೊಟ್ಟರೇನು ಎಂದುಕೊಂಡು ರುಮಾಲು ತೆಗೆದಿಟ್ಟು, ನೆಲಕ್ಕೆ ಒರಗಿ, ಜಾಕಿಯನ್ನು ಮುಂದೆ ತಳ್ಳುತ್ತ ಮೋಟಾರಿನ ಕೆಳಗೆ ತೆವಳಿದ. ಎಣ್ಣೆಯ ನಾತ ಮೂಗಿಗೆ ಬಡಿಯಿತು. ಬೆನ್ನಿನ ಮೇಲೆ ಒಂದು ಗೇಣಿನಷ್ಟೂ ಜಾಗವಿರಲಿಲ್ಲ. ಜಾಕಿಯನ್ನು ನಡುವಿಗೆ ನಿಲ್ಲಿಸಿ ಕೂಗಿದ. ನಿಂಗರಾಜು ತಿರುಗಿಸತೊಡಗಿದ. ತಲೆಯ ಮೇಲೆ ಕಬ್ಬಿಣ ಕಿರುಗುಟ್ಟಿ, ಅಚ್ಚು ಮೆಲ್ಲಗೆ ರಾಶಿಯನ್ನು ಬಿಟ್ಟು ಎದ್ದಿತು.

ಇಟ್ಟಿಗೆ ಚೂರುಗಳನ್ನು ಒಂದೊಂದಾಗಿ ಈಚೆಗೆ ತಳ್ಳುತ್ತಿದ್ದವನ ಕೈ ನಡುವೆ ನಿಂತಿತು. ಈಗ ತನ್ನ ಮೇಲಿರುವ ಇಷ್ಟು ಭಾರ ಒಂದು ಜಾಕಿಯ ಮೇಲೆ ಮತ್ತು ಮಗಳು ಕೊಟ್ಟ ಕಲ್ಲಿನ ಮೇಲೆ ನಿಂತಿದೆ ಎಂಬುದು ಅವನ ಮೈಗೆ ತಿಳಿಯಿತು. ಕೊಟ್ಟಿದ್ದಾಳಾ? ಆ ಪ್ರಶ್ನೆಯನ್ನು ಅವನು ಕೇಳಿಕೊಳ್ಳಲಿಲ್ಲ, ಅದು ತಾನಾಗಿಯೇ ಎದ್ದಿತು. ಬೇಡ ಬೇಡ ಎಂದುಕೊಳ್ಳುತ್ತಿದ್ದರೂ ಕತ್ತು ಮುಂದಿನ ಚಕ್ರದ ಕಡೆಗೆ ಹೊರಳಿತು.

ಚಕ್ರದ ಆಚೆ ಮಗಳು ಕುಕ್ಕರಗಾಲಿನಲ್ಲಿ ಕೂತು ಒಳಗೆ ಬಗ್ಗಿ ನೋಡುತ್ತಿದ್ದಳು. ಅವನ ಕಣ್ಣು ಕಲ್ಲು ಹುಡುಕುವುದನ್ನು ಅವಳು ಕಂಡಳು.

“ಮಡಗಿವ್ನಿ ಕಣಪ್ಪ,” ಎಂದಳು ಅವಳು. “ಇಂದೂ ಮುಂದೂ ಮಡಗಿವ್ನಿ. ಬೇಕಾದ್ರೆ ಮುಟ್ ನೋಡ್ಕೊ.”

ಬೇಡ ಕಣವ್ವ, ನೀನು ಮಡಗಿದ ಮೇಲೆ ನೋಡುವುದೇನು ಎಂದು ಹೇಳಬೇಕೆಂದು ಅವನ ಬಾಯಿ ತೆರೆಯಿತು. ಅಷ್ಟರಲ್ಲಿ ಕೈ ಚಾಚಿಕೊಂಡಾಗಿತ್ತು. ಬೆರಳು ಕಲ್ಲಿಗೆ ತಗುಲಿತು. ತಳ್ಳಿಯೂ ನೋಡಿದ. ಕಲ್ಲು ಅಲುಗಲಿಲ್ಲ.

ದೊಡ್ಡಸಿದ್ದಯ್ಯ ಎಣ್ಣೆ ಸುರಿದ ಮಣ್ಣಿಗೆ ಹಣೆಯಿಟ್ಟು ಅತ್ತುಬಿಟ್ಟ. ಏನಾಯಿತೆಂದು ನಿಂಗರಾಜು ಹಿಂದಿನಿಂದ ಕೂಗಿ ಕೇಳುತ್ತಿದ್ದ. ಚಿಕ್ಕಬಸಮ್ಮ ಎರಡು ಕೈಯಲ್ಲೂ ಕಲ್ಲನ್ನು ಒತ್ತಿ ಹಿಡಿದುಕೊಂಡು, “ದಿಮ್ಮಿ ಕೊಟ್ಟು ಬಿರ್ನೆ ಈಚೆಗ್ ಬಾಪ್ಪ,” ಎಂದಳು. “ನಂಗೆ ಭಯ ಆಯ್ತದೆ.”