ನೂರಹದಿಮೂರನೆಯದು

ಇದು ಯಾರ ಪಾಲಿಗೆ, ಎಂದು ಬಾಯಿಬಿಟ್ಟೇ ಕೇಳಿಬಿಟ್ಟೆ, ಬೈಂಡಿಂಗ್ ಕೋಣೆಯಲ್ಲಿ ಯಾರೂ ಇಲ್ಲ, ಮೇಜಿನ ಮೇಲೆ ಅಣ್ಣ ತನ್ನ ಪ್ರೆಸ್ಸಿನಿಂದ ಅಚ್ಚು ಹಾಕಿ ಕಳಿಸಿದ ಏಳು ಫಾರಂ, ಮಡಿಸಿದ ಹಾಳೆಯ ಕಟ್ಟುಗಳು, ಪಕ್ಕದಲ್ಲಿ ನನ್ನ ಕೈಬರಹದ ಒಂಟಿ ಹಾಳೆ, ಅಮ್ಮನ ನೂರಹದಿಮೂರನೆಯ ಪದ್ಯ — ಪುಟಕ್ಕೊಂದು ಪದ್ಯ, ಫಾರಮ್ಮಿಗೆ ಹದಿನಾರು ಪುಟ, ಹದಿನಾರೇಳಲಿ ನೂರಹನ್ನೆರಡು, ಇದೊಂದು ಬಸ್ಸು ತಪ್ಪಿದವರ ಹಾಗೆ ಹೊರಗೆ ನಿಂತಿದೆ. ಅಮ್ಮ ಒಂದನ್ನೂ ಬರೆದಿಟ್ಟವಳಲ್ಲ, ಬಟ್ಟೆ ಹಿಂಡುತ್ತ ಹೇಳುವಳು, ಸಾಲು ನಿಂತಲ್ಲಿ ನೀರು ತೊಟ್ಟಿಕ್ಕುವುದು, ನಾನು ಬಾಗಿಲ ಮರೆಯಲ್ಲಿ ಬರೆದುಕೊಳ್ಳುತ್ತ ನಾಲ್ಕನೆಯ ಸಾಲಿಗೆ ಕಾಯುವೆ, ದೇವರ ಹೆಸರು ಬರುವುದು ಅಲ್ಲೇ, ಬಂದೊಡನೆ ನನ್ನ ಕಣ್ಣು ತಾನಾಗಿ ಮುಚ್ಚುವುದು. ಅಣ್ಣನಿಗೆ ಪದ್ಯಕ್ಕೆ ಪುರುಸೊತ್ತಿರಲಿಲ್ಲ, ಎಲ್ಲದರಲ್ಲೂ ಸಮಪಾಲು ಮಾಡುವ ಕೈ ಅವನದು — ಅಮ್ಮ ಹೋದ ಮೇಲೆ ಹನ್ನೆರಡು ಬಟ್ಟಲು, ಆರು ನಿಂಗೆ ಆರು ನಂಗೆ, ನಾಲ್ಕು ಹೊದಿಕೆ, ಎರಡು ಎರಡು, ನಾನು ಹೂಂ ಅಂದೆ, ಅವನಿಗೆ ನಾನು ಹೂಂ ಅನ್ನದೆ ಇದ್ದದ್ದು ಯಾವಾಗ.

ಅವನ ಮಗಳು ಲೆಕ್ಕದ ಮೇಡಂ, ಮೊನ್ನೆ ಇದೇ ಮೇಜಿಗೆ ಒರಗಿ, ಅತ್ತೆ, ನಿಮ್ಮ ನೂರಹದಿಮೂರು ಭಾರಿ ಹಟಮಾರಿ, ಎರಡಕ್ಕೆ ಬಗ್ಗಲ್ಲ, ಮೂರಕ್ಕೆ ಬಗ್ಗಲ್ಲ, ಐದು, ಏಳು, ಊಹುಂ. ಹನ್ನೊಂದಕ್ಕೆ ನೋಡಿದೆಯಾ ಅಂದೆ, ಹನ್ನೊಂದು ಹನ್ನೊಂದಲಿ ನೂರಿಪ್ಪತ್ತೊಂದು, ದಾಟೇ ಹೋಯ್ತಲ್ಲ, ಇನ್ನು ಯಾವುದನ್ನೂ ನೋಡೋದು ಬೇಡ ಅಂದಳು. ಅಂಕಿ ಅದಲುಬದಲು ಮಾಡಿ, ನೂರಮೂವತ್ತೊಂದು, ಮುನ್ನೂರಹನ್ನೊಂದು, ಅವೂ ಒಡೆಯಲ್ಲ, ಥೇಟ್ ಅಜ್ಜಿ, ಹೇಗೆ ತಿರುಗಿಸಿದ್ರೂ ಅದೇ ಹಟ! ಗುಂಡಿಗಳ ಡಬ್ಬಿ ಸುರಿದು ಚೌಕ ಕಟ್ಟಿದಳು, ಏಳೇಳಲಿ ನಲವತ್ತೊಂಬತ್ತರದೊಂದು, ಎಂಟೆಂಟಲಿ ಅರವತ್ತನಾಲ್ಕರದೊಂದು, ಎರಡೂ ಸೇರಿ ನೂರಹದಿಮೂರು, ಒಂದು ಗುಂಡಿಯೂ ಮಿಗಲಿಲ್ಲ, ತಾಯಿ ಮಗಳ ಹಾಗೆ ಒಂದು ದೊಡ್ಡದು ಒಂದು ಚಿಕ್ಕದು, ಪಕ್ಕಪಕ್ಕ. ನೂರಹನ್ನೆರಡು ಹಾಗಲ್ಲ, ಪಾಪ, ಎರಡು, ನಾಲ್ಕು, ಏಳು, ಎಂಟು, ಯಾರು ಕರೆದರೂ ಹಿಂದೆ ಹೋಗುತ್ತದೆ — ಐವತ್ತಾರು ನಿಂಗೆ ಐವತ್ತಾರು ನಂಗೆ.

ಈ ಕೊನೆಯದಕ್ಕೆ ಮೂರೇ ಸಾಲು, ಆಸ್ಪತ್ರೆಯ ಮಂಚ, ನಾಲ್ಕನೆಯದು ಬರಲಿಲ್ಲ, ಹೊದಿಕೆಯ ಅಂಚಿನಲ್ಲಿ ಬೆರಳಿಂದ ಹುಡುಕಿದಳು, ಹೆಸರೂ ಬರಲಿಲ್ಲ, ಅದಕ್ಕೇ ನನ್ನ ಕಣ್ಣು ಮುಚ್ಚಲಿಲ್ಲ, ಪದ್ಯ ನಿಂತ ಗಳಿಗೆಯಲ್ಲಿ ಅಮ್ಮನ ಮುಖ ಹೇಗಿರುತ್ತದೆಂದು ಮೊದಲ ಸಲ ಕಂಡೆ, ನಗುತ್ತಿದ್ದಳು, ಅಲ್ಲಿಗೇ ನಿಲ್ಲಲಿ ಬಿಡೇ ಅಂದಳು — ಮೆಟ್ಟಿಲ ಮೇಲೆ ಸದ್ದು, ಅಣ್ಣ, ಇನ್ನೂ ದಾರ ಏರಿಸಿಲ್ವಾ, ಏನು ಧ್ಯಾನವೇ ನಿಂದು; ಅಣ್ಣ, ಇದನ್ನೂ ಅಚ್ಚು ಹಾಕಿ ಕೊಡು; ಒಂಟಿ ಹಾಳೆ ಉದುರುತ್ತೆ ಕಣೇ; ಅಂಚು ಮಡಿಸಿ ಕೊನೇ ಫಾರಮ್ಮಿಗೆ ಸುತ್ತಿ ಹೊಲೀತೀನಿ, ಉದುರಲ್ಲ, ನಂಗೆ ಗೊತ್ತಿಲ್ವಾ; ಉದುರೋದಲ್ಲ ವಿಷಯ, ಅನ್ನುತ್ತಾನೆ, ದನಿ ತಗ್ಗಿದೆ, ಅಮ್ಮ ಮರೆತದ್ದನ್ನ ನಾಲ್ಕು ಜನ ಓದ್ಬೇಕಾ, ಹೇಳು, ಅವಳು ಪೂರ್ತಿ ಇದ್ದ ಹಾಗೇ ಇರಲಿ. ಅವನ ಕಣ್ಣಲ್ಲೂ ನೀರಿದೆ, ಪಾಪ, ಅವನು ಆ ನಗುವನ್ನು ನೋಡಿದವನಲ್ಲ. ಏಳು ಫಾರಂ ಎತ್ತಿ ನನ್ನ ಕೈಗೇ ಇಡುತ್ತಾನೆ. ಇಷ್ಟನ್ನೇ ಹೊಲಿದು ಕೊಡು, ನಮ್ಮಮ್ಮ ಅಲ್ವಾ, ಕೇಳ್ಕೋತೀನಿ.

ಹೊಲಿಯಲ್ಲ.