ಮಿರರ್ ಒತ್ತಿದರೆ

ಫ್ಯಾಕ್ಟರಿಯಿಂದ ಬಂದ ಸರ್ಕ್ಯೂಟ್ ಬೋರ್ಡುಗಳೆಲ್ಲ ಎಡಬಲ ಅದಲುಬದಲಾಗಿದ್ದವು. ಒಂದು ಚಿಪ್ ಕೂಡ ಅವುಗಳಲ್ಲಿ ಕೂರಲಿಲ್ಲ. ಡಿಸೈನ್ ಮಾಡಿದ್ದ ಅಕ್ಕ ಊಟದ ಮೇಜಿನ ಮೇಲೆ ಸಾಫ್ಟ್‌ವೇರಿನ ಮ್ಯಾನ್ಯುವಲ್ ತೆರೆದು ಓದಿದಳು: "ಮಿರರ್ ಒತ್ತಿದರೆ ಮಿರರ್ ಆಗುತ್ತದೆ." ಫ್ಯಾಕ್ಟರಿಗೆ ಫೈಲ್ ಕಳಿಸುವಾಗ ಆ ಬಟನ್ ಒತ್ತಬೇಕೋ ಬೇಡವೋ, ಆ ಮಾತೇ ಇಲ್ಲ. ಅವಳು ಒತ್ತಿಯೇ ಕಳಿಸಿದ್ದಳು.

"ಇದನ್ನ ಬರೆದ ಪುಣ್ಯಾತ್ಮ ಯಾರೋ!"

ಎದುರಿಗೆ ಕೂತಿದ್ದ ತಮ್ಮ ತಟ್ಟೆಯಿಂದ ತಲೆಯೆತ್ತಲಿಲ್ಲ. ಆ ಸಾಫ್ಟ್‌ವೇರ್ ಕಂಪನಿಗೆ ಮ್ಯಾನ್ಯುವಲ್ ಬರೆಯುವುದೇ ಅವನ ಕೆಲಸ. "ನಾನೇ ಕಣೇ."

"ಒಂದ್ಸಲನಾದ್ರೂ ಒತ್ತಿ ನೋಡಿದ್ಯೇನೋ?"

"ನಮಗೆ ಸಾಫ್ಟ್‌ವೇರ್ ಯಾರು ಕೊಡ್ತಾರೆ? ಸ್ಕ್ರೀನಿನ ಫೋಟೋ ಕಳಿಸ್ತಾರೆ, ನೋಡ್ಕೊಂಡು ಬರೀತೀನಿ."

ಅಕ್ಕ ಲ್ಯಾಪ್‌ಟಾಪನ್ನು ಅವನತ್ತ ತಿರುಗಿಸಿದಳು. ಅವನು ಕೈ ಒರೆಸಿಕೊಂಡು ಮಿರರ್ ಒತ್ತಿದ. ಪರದೆ ಇದ್ದ ಹಾಗೇ ಇತ್ತು.

"ಏನೂ ಆಗ್ಲಿಲ್ವಲ್ಲೇ?"

ಅಕ್ಕ ಒಂದು ಬೋರ್ಡನ್ನು ಅವನ ತಟ್ಟೆಯ ಪಕ್ಕ ಇಟ್ಟಳು.

"ಇದಾಯ್ತು."